ಪೊರೆ ಮೊದಲೋ, ದುರ್ಮಾಂಸ ಮೊದಲೋ? ಎರಡೂ ಇರುವ ಕಣ್ಣಿಗೆ ದಾರಿ ಆರಿಸುವುದು ಹೇಗೆ

"ಅವ್ವನ ಕಣ್ಣಾಗ ಪೊರಿ ಬಂದೈತ್ರಿ ಮೇಡಮ್ಮರ, ನೋಡ್ರಿ, ಇಲ್ಲೇ ಕಾಣ್ತೈತಿ," ಅಂತ ಮಗ ಬೆರಳು ತೋರಿಸಿದ. ಅವನು ತೋರಿಸಿದ್ದು ಪೊರೆಯನ್ನಲ್ಲ. ಮೂಗಿನ ಕಡೆಯಿಂದ ಕರಿಗುಡ್ಡೆಯ ಮೇಲೆ ಹತ್ತಿ ಬಂದಿದ್ದ ಕೆಂಪು ಮಾಂಸವನ್ನು. ಸಿಂಧನೂರು ಕಡೆಯ ಅವ್ವ. ನಾಟಿ, ಕಳೆ ಅಂತ ನಲವತ್ತು ವರ್ಷ ಭತ್ತದ ಗದ್ದೆಯ ಬಿಸಿಲಲ್ಲೇ ಕಳೆದವರು. ಆ ಕಣ್ಣಲ್ಲಿ ಪೊರೆಯೂ ಇತ್ತು. ಆದರೆ ಅದು ಬೆರಳಿಟ್ಟು ತೋರಿಸುವ ಜಾಗದಲ್ಲಿ ಇರಲಿಲ್ಲ. ಪಾಪೆಯ ಹಿಂದೆ, ಕಣ್ಣಿನ ಒಳಗಿನ ಲೆನ್ಸ್ ಮಂಜಾಗಿತ್ತು.

ನಾನು ಆಪ್ಟೊಮೆಟ್ರಿಸ್ಟ್. ಕಣ್ಣಿನ ಅಳತೆ ತೆಗೆಯುವುದು ನನ್ನ ಕೆಲಸ. ಆಪರೇಷನ್ ಮಾಡುವವರು ಡಾಕ್ಟರು, ಆದರೆ ಒಳಗೆ ಕೂರಿಸುವ ಲೆನ್ಸ್‌ಗೆ ಎಷ್ಟು ಪವರ್ ಬೇಕು ಅನ್ನುವ ಲೆಕ್ಕ ಶುರುವಾಗುವುದು ನಮ್ಮಂಥವರ ಮೇಜಿನಿಂದ. ಪೊರೆ ಮತ್ತು ದುರ್ಮಾಂಸ ಎರಡೂ ಇದ್ದವರ ಮನೆಯವರು ಕೇಳುವ ಪ್ರಶ್ನೆ ಒಂದೇ: ಯಾವುದನ್ನು ಮೊದಲು ತೆಗೆಸಬೇಕು, ಎರಡನ್ನೂ ಒಟ್ಟಿಗೆ ಮಾಡಿಸಿದರೆ ಆಗಲ್ವಾ? ಇದಕ್ಕೆ ನಾಲ್ಕು ದಾರಿಗಳಿವೆ. ಆರಿಸುವ ಮೊದಲು ಒಂದು ವಿಷಯ ಸರಿಯಾಗಿ ಅರ್ಥವಾಗಬೇಕು. ಅದು ಅರ್ಥವಾದರೆ ಉಳಿದದ್ದು ಸುಲಭ.

ಮಾಂಸ ಎಳೆದರೆ ಅಳತೆ ತಪ್ಪುತ್ತದೆ

ದುರ್ಮಾಂಸಕ್ಕೆ ಡಾಕ್ಟರು ಟೆರಿಜಿಯಂ ಅನ್ನುತ್ತಾರೆ. ಗ್ರೀಕಿನಲ್ಲಿ ರೆಕ್ಕೆ ಅನ್ನುವ ಪದದಿಂದ ಬಂದ ಹೆಸರು. ಸುಶ್ರುತ ಇದನ್ನು ಅರ್ಮ ಅಂತ ಕರೆದು ಐದು ಬಗೆ ಹೇಳಿದ್ದಾನೆ, ಕತ್ತರಿಸಿ ತೆಗೆಯುವ ಕ್ರಮವನ್ನೂ ಬರೆದಿದ್ದಾನೆ. ಬಿಸಿಲು, ಧೂಳು, ಗಾಳಿಯಲ್ಲಿ ದುಡಿಯುವವರಿಗೆ ಇದು ಜಾಸ್ತಿ. ಹೊಲದವರು, ಕಲ್ಲು ಕ್ವಾರಿಯವರು, ಮೀನುಗಾರರು, ಬೈಕಿನಲ್ಲೇ ದಿನ ಕಳೆಯುವವರು. ಸಮಭಾಜಕ ವೃತ್ತದಿಂದ ಎರಡೂ ಕಡೆ ಸುಮಾರು 37 ಡಿಗ್ರಿವರೆಗಿನ ಸೀಮೆಯಲ್ಲಿ ಇದು ಹೆಚ್ಚು ಅಂತ ವೈದ್ಯರು ಹೇಳುತ್ತಾರೆ. ನಮ್ಮ ಕರ್ನಾಟಕ ಪೂರ್ತಿ ಅದರೊಳಗೇ ಇದೆ.

ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪದರ ಕಾರ್ನಿಯಾ. ಅದರ ಅಗಲ ಸುಮಾರು 12 ಮಿಲಿಮೀಟರ್. ಅದು ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ಸಮ ದುಂಡಗಿದ್ದರೆ ಬೆಳಕು ಒಂದೇ ಕಡೆ ಸೇರುತ್ತದೆ. ಚಮಚದ ಬೆನ್ನಿನ ಹಾಗೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬಾಗಿದ್ದರೆ ಬೆಳಕು ಚದುರುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ನಂಬರ್ ಅಂತಾರಲ್ಲ, ಅದು.

ದುರ್ಮಾಂಸ ಮೂಗಿನ ಕಡೆಯಿಂದ ಕಾರ್ನಿಯಾವನ್ನು ಹಿಡಿದು ಎಳೆಯುತ್ತದೆ. ಅದರ ತುದಿಯ ಮುಂದೆ ಕಣ್ಣೀರು ತೆಳ್ಳಗೆ ನಿಲ್ಲುತ್ತದೆ. ಇವೆರಡೂ ಸೇರಿ ಕಾರ್ನಿಯಾ ಅಡ್ಡಡ್ಡಕ್ಕೆ ಚಪ್ಪಟೆಯಾಗುತ್ತದೆ, ಉದ್ದಕ್ಕೆ ಮಾತ್ರ ಮೊದಲಿನಂತೆಯೇ ಉಬ್ಬಾಗಿರುತ್ತದೆ. ಕಾರ್ನಿಯಾದ ಮೇಲೆ ಉಂಗುರಗಳ ಬೆಳಕು ಬಿಟ್ಟು ನೋಡುವ ಟೊಪೋಗ್ರಫಿ ಮಿಷನ್ನಿನಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕಿವಿಯ ಕಡೆ ಉಂಗುರಗಳು ಕೆರೆಗೆ ಕಲ್ಲು ಹಾಕಿದಾಗಿನ ಅಲೆಗಳಷ್ಟು ನೀಟಾಗಿರುತ್ತವೆ. ಮೂಗಿನ ಕಡೆ ಬಂದಂತೆ ಅವು ಸೊಟ್ಟಗಾಗಿ, ಮಾಂಸದ ಹತ್ತಿರ ಹರಿದೇ ಹೋಗಿರುತ್ತವೆ.

ಇದರ ಸುಳಿವು ನಿಮ್ಮ ಕೈಯಲ್ಲಿರುವ ಚೀಟಿಯಲ್ಲೂ ಸಿಗಬಹುದು. ಅರವತ್ತು ದಾಟಿದವರ ಕನ್ನಡಕದ ಚೀಟಿಯಲ್ಲಿ ಮೈನಸ್ ಸಿಲಿಂಡರ್‌ನ ಆಕ್ಸಿಸ್, ಅಂದರೆ ಸಿಲಿಂಡರ್ ಯಾವ ದಿಕ್ಕಿಗಿದೆ ಅನ್ನುವ ಡಿಗ್ರಿ, ಸಾಮಾನ್ಯವಾಗಿ 90ರ ಹತ್ತಿರ ಇರುತ್ತದೆ. ವಯಸ್ಸಾದಂತೆ ಕಾರ್ನಿಯಾ ಹಾಗೆ ತಿರುಗುತ್ತದೆ. ವಯಸ್ಸಾದವರ ಚೀಟಿಯಲ್ಲಿ ಸಿಲಿಂಡರ್ ದೊಡ್ಡದಾಗಿದ್ದು ಆಕ್ಸಿಸ್ 180ರ ಹತ್ತಿರ ಇದ್ದರೆ, ಅದೂ ಒಂದೇ ಕಣ್ಣಲ್ಲಿ ಇದ್ದರೆ, ನಾನು ಮೊದಲು ಟಾರ್ಚ್ ಹಿಡಿದು ಮೂಗಿನ ಕಡೆ ನೋಡುತ್ತೇನೆ.

ಪೊರೆಯ ಆಪರೇಷನ್‌ಗೂ ಇದಕ್ಕೂ ಏನು ನಂಟು? ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಕ್ಯಾಂಪ್ ಮಾಡುತ್ತಿದ್ದ ಕಾಲದಲ್ಲಿ ಮಂಜಾದ ಲೆನ್ಸ್ ತೆಗೆದು, ಆಮೇಲೆ ದಪ್ಪ ಕನ್ನಡಕ ಕೊಡುತ್ತಿದ್ದರು. ಪವರ್ ಬರುತ್ತಿದ್ದದ್ದು ಆಪರೇಷನ್ ಆದ ನಂತರ, ಕನ್ನಡಕದಲ್ಲಿ. ಕಣ್ಣಿನೊಳಗೆ ಕೃತಕ ಲೆನ್ಸ್ ಕೂರಿಸುವ ಕೆಲಸವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಶುರು ಮಾಡಿದ್ದರು. ಅದು ಎಲ್ಲ ಕಡೆ ಬಳಕೆಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಈಗ ಪವರ್ ಅನ್ನು ಆಪರೇಷನ್‌ಗೆ ಮೊದಲೇ ಹೇಳಬೇಕು. ಹೇಳುವುದು ಎರಡು ಅಳತೆ ಹಿಡಿದು: ಮುಂದಿನಿಂದ ಹಿಂದಕ್ಕೆ ಕಣ್ಣಿನ ಉದ್ದ, ಕಾರ್ನಿಯಾದ ಉಬ್ಬು. ಉಬ್ಬಿನ ಅಳತೆಗೆ ಕೆ ರೀಡಿಂಗ್ ಅಂತ ಹೆಸರು. ದುರ್ಮಾಂಸ ಕೈ ಹಾಕುವುದು ನೇರವಾಗಿ ಇದಕ್ಕೇ.

ಸ್ವೆಟರ್ ಹಾಕಿಕೊಂಡು ರವಿಕೆಗೆ ಅಳತೆ ಕೊಟ್ಟರೆ ಹೇಗಿರುತ್ತದೋ ಹಾಗೆ. ಟೈಲರ್ ತಪ್ಪು ಮಾಡಿರುವುದಿಲ್ಲ, ಹೊಲಿಗೆಯೂ ಚೆನ್ನಾಗಿರುತ್ತದೆ, ಆದರೂ ರವಿಕೆ ಕೂರುವುದಿಲ್ಲ.

ಅವ್ವನ ಕಣ್ಣಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಮೊದಲ ದಿನ ಅಡ್ಡಕ್ಕೆ 41.25, ಉದ್ದಕ್ಕೆ 44.75 ಬಂತು. ವ್ಯತ್ಯಾಸ ಮೂರೂವರೆ ಡಯಾಪ್ಟರ್ (ಪವರ್ ಅಳೆಯುವ ಮಾನ). ಸರಾಸರಿ 43. ಮಾಂಸ ತೆಗೆದು ಎರಡು ತಿಂಗಳಾದ ಮೇಲೆ ಅಡ್ಡಕ್ಕೆ 43.50, ಉದ್ದಕ್ಕೆ 44.50. ವ್ಯತ್ಯಾಸ ಒಂದಕ್ಕೆ ಇಳಿದಿತ್ತು, ಸರಾಸರಿ 44ಕ್ಕೆ ಏರಿತ್ತು. ಮೊದಲ ದಿನದ ಅಳತೆಗೇ ಲೆನ್ಸ್ ಆರಿಸಿ ಎರಡನ್ನೂ ಒಟ್ಟಿಗೆ ಮಾಡಿದ್ದರೆ, ಆ ಒಂದು ಡಯಾಪ್ಟರ್ ಏರಿಕೆ ಸುಮಾರು ಅಷ್ಟೇ ಮೈನಸ್ ಪವರ್ ಆಗಿ ಅವರ ಕಣ್ಣಲ್ಲಿ ಉಳಿಯುತ್ತಿತ್ತು.

ದಾರಿ ಒಂದು: ಮೊದಲು ದುರ್ಮಾಂಸ, ಕಾದು ಆಮೇಲೆ ಪೊರೆ

ಮಾಂಸ ದೊಡ್ಡದಾಗಿದ್ದರೆ ನನ್ನ ಮತ ಈ ದಾರಿಗೆ. ಕರಿಗುಡ್ಡೆಯ ಅಂಚಿನಿಂದ ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಒಳಗೆ ಬಂದಿದ್ದರೆ, ಸಿಲಿಂಡರ್ ಒಂದೂವರೆ ಎರಡು ದಾಟಿದ್ದರೆ, ಟೊಪೋಗ್ರಫಿಯ ಉಂಗುರಗಳು ಸೊಟ್ಟಗಿದ್ದರೆ, ಆರು ತಿಂಗಳಿಂದ ಬೆಳೆಯುತ್ತಿದೆ ಅಂತ ಅನ್ನಿಸುತ್ತಿದ್ದರೆ ಮೊದಲು ಮಾಂಸವನ್ನೇ ತೆಗೆಸಿ.

ಎಷ್ಟು ಕಾಯಬೇಕು? ಕಡಿಮೆ ಅಂದರೂ ಒಂದು ತಿಂಗಳು. ಮಾಂಸ ದೊಡ್ಡದಿದ್ದರೆ ಮೂರು ತಿಂಗಳು ಕಾಯಿಸುವ ಡಾಕ್ಟರೂ ಇದ್ದಾರೆ, ಅದು ಅತಿಯಲ್ಲ. ನನಗೆ ದಿನದ ಲೆಕ್ಕಕ್ಕಿಂತ ಅಳತೆಯ ಮೇಲೆ ನಂಬಿಕೆ ಜಾಸ್ತಿ. ಎರಡು ಮೂರು ವಾರ ಬಿಟ್ಟು ತೆಗೆದ ಎರಡು ರೀಡಿಂಗ್ ಹೆಚ್ಚುಕಮ್ಮಿ ಒಂದೇ ಇದ್ದರೆ ಕಾರ್ನಿಯಾ ನಿಂತಿದೆ ಅಂತ ಅರ್ಥ. ಇನ್ನೂ ಏರಿಳಿಯುತ್ತಿದ್ದರೆ ಇನ್ನಷ್ಟು ಕಾಯಿರಿ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಎರಡು ಸಲ ಆಸ್ಪತ್ರೆ, ಎರಡು ಸಲ ಖರ್ಚು, ಎರಡು ಸಲ ಮಗನೋ ಮಗಳೋ ಕೆಲಸಕ್ಕೆ ರಜೆ ಹಾಕಬೇಕು. ಮಧ್ಯದ ತಿಂಗಳುಗಳಲ್ಲಿ ಪೊರೆ ಹಾಗೇ ಇರುತ್ತದೆ, ದೃಷ್ಟಿ ಮಂಜು ಮಂಜೇ. ಇನ್ನೊಂದು ವಿಷಯವನ್ನು ಮೊದಲೇ ಹೇಳಿರುವುದಿಲ್ಲ, ಆಮೇಲೆ ಜನ ಗಾಬರಿಯಾಗುತ್ತಾರೆ: ದುರ್ಮಾಂಸದ ಆಪರೇಷನ್ ಪೊರೆಯದಕ್ಕಿಂತ ಜಾಸ್ತಿ ನೋಯುತ್ತದೆ. ಕಾರ್ನಿಯಾದ ಮೇಲ್ಪದರ ಹಸಿ ಗಾಯವಾಗಿರುತ್ತದಲ್ಲ, ಎರಡು ಮೂರು ದಿನ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ನೀರು ಸುರಿಯುತ್ತದೆ. ಆಮೇಲೆ ಇಳಿಯುತ್ತದೆ.

ದಾರಿ ಎರಡು: ಎರಡೂ ಒಂದೇ ಸಲ

ಕೇಳಲಿಕ್ಕೆ ಎಲ್ಲರಿಗೂ ಹಿತವಾದ ದಾರಿ ಇದು. ನಮ್ಮ ಸೋದರಮಾವನಿಗೂ ಹಾಗೇ ಅನ್ನಿಸಿತ್ತು. ನಾನು ಆಗ ಇನ್ನೂ ಓದುತ್ತಿದ್ದೆ. ಮಾವ ಒಂದು ಆಸ್ಪತ್ರೆಯಲ್ಲಿ ಎರಡನ್ನೂ ಒಂದೇ ದಿನ ಮಾಡಿಸಿಕೊಂಡರು. ಮಾಂಸ ಇರುವಾಗ ಬಂದ ಅಳತೆಗೇ ಲೆನ್ಸ್ ಹಾಕಿದ್ದರು. ಗಾಯ ಚೆನ್ನಾಗಿ ಮಾಯಿತು, ಕಣ್ಣು ಬೆಳ್ಳಗೆ ಕಂಡಿತು. ಪೇಪರ್ ಕನ್ನಡಕ ಇಲ್ಲದೆ ಓದುತ್ತಿದ್ದರು, ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಆದರೆ ಬಸ್ಸಿನ ಬೋರ್ಡು ಕಾಣದು. ಬದುವಿನ ಆ ಕಡೆ ನಿಂತವರು ಯಾರು ಅಂತ ಗೊತ್ತಾಗದು. ಒಂದೂವರೆ ಮೈನಸ್ ಪವರ್ ಉಳಿದಿತ್ತು. ಹತ್ತಿರದ್ದು ಕಾಣುತ್ತಿದ್ದದ್ದೂ, ದೂರದ್ದು ಕಾಣದಿದ್ದದ್ದೂ ಅದರಿಂದಲೇ. ಕನ್ನಡಕದಲ್ಲಿ ಸರಿಹೋಯಿತು, ದೊಡ್ಡ ಅನಾಹುತವೇನಲ್ಲ. ಆದರೆ ಇನ್ನು ಕನ್ನಡಕ ಬೇಡ ಅಂತ ಆಸೆ ಇಟ್ಟುಕೊಂಡಿದ್ದ ಮನುಷ್ಯನಿಗೆ ಅದು ಬೇಜಾರಿನ ವಿಷಯವೇ.

ಹಾಗಂತ ಈ ದಾರಿಯನ್ನು ತಳ್ಳಿ ಹಾಕುವಂತಿಲ್ಲ. ಎರಡನೇ ಸಲ ಬರಲು ಯಾರೂ ಇಲ್ಲದವರು, ದೂರದ ಹಳ್ಳಿಯ ಒಂಟಿ ಅಜ್ಜಿಯರು, ಹೃದಯದ ತೊಂದರೆಯಿಂದ ಪದೇ ಪದೇ ಆಪರೇಷನ್ ಟೇಬಲ್ ಹತ್ತಲಾಗದವರು, ಇಂಥವರಿಗೆ ಒಂದೇ ಸಲ ಮಾಡಿಸುವುದು ಸರಿಯಾದ ಆಯ್ಕೆ. ಅನುಭವಿ ಡಾಕ್ಟರು ಮಾಂಸವಿಲ್ಲದ ಇನ್ನೊಂದು ಕಣ್ಣಿನ ಕೆ ರೀಡಿಂಗ್ ನೋಡುತ್ತಾರೆ, ಮಾಂಸ ತೆಗೆದ ಮೇಲೆ ಎಷ್ಟು ಏರಬಹುದು ಅಂತ ಅಂದಾಜು ಹಾಕುತ್ತಾರೆ, ಲೆನ್ಸ್ ಪವರನ್ನು ಸ್ವಲ್ಪ ಇಳಿಸುತ್ತಾರೆ. ಆದರೆ ಅಂದಾಜು ಅಂದಾಜೇ. ಒಟ್ಟಿಗೆ ಮಾಡಿಸುವುದಾದರೆ "ಲೆನ್ಸ್ ಪವರ್ ಯಾವ ಅಳತೆಯಿಂದ ಹಾಕ್ತೀರಿ?" ಅಂತ ಕೇಳಿ. ಮಾಂಸ ಚಿಕ್ಕದಿದ್ದಷ್ಟೂ ಈ ದಾರಿಯಲ್ಲಿ ತಪ್ಪುವ ಸಾಧ್ಯತೆ ಕಡಿಮೆ.

ದಾರಿ ಮೂರು: ಪೊರೆ ಮಾತ್ರ, ದುರ್ಮಾಂಸ ಹಾಗೇ ಇರಲಿ

ಅಂಚಿನಿಂದ ಒಂದು ಮಿಲಿಮೀಟರ್ ಒಳಗೇ ಇದ್ದು, ವರ್ಷಗಳಿಂದ ಬೆಳೆಯದೆ, ತೆಳ್ಳಗೆ ಬಿಳಿಚಿಕೊಂಡಿರುವ ಮಾಂಸವನ್ನು ಸುಮ್ನೆ ಬಿಡಬಹುದು. ಅದು ಅಳತೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಬಿಳಿಗುಡ್ಡೆಯ ಮೇಲೆ ಹಳದಿ ಗುಳ್ಳೆಯಂತೆ ಕಂಡು ಕರಿಗುಡ್ಡೆಗೆ ದಾಟದೇ ಇರುವುದು ದುರ್ಮಾಂಸವೇ ಅಲ್ಲ, ಅದು ಪಿಂಗ್ವೆಕ್ಯುಲಾ. ಅದಕ್ಕೆ ಹೆದರುವುದೂ ಬೇಡ, ಲೆನ್ಸ್‌ನ ಲೆಕ್ಕದಲ್ಲಿ ಸೇರಿಸುವುದೂ ಬೇಡ.

ದಾರಿ ನಾಲ್ಕು: ಮೊದಲು ಪೊರೆ, ಆಮೇಲೆ ದುರ್ಮಾಂಸ

ಮಾಂಸ ದೊಡ್ಡದಿದ್ದಾಗ ಈ ಕ್ರಮ ನನಗೆ ಇಷ್ಟವಿಲ್ಲ. ಲೆನ್ಸ್ ಕೂತ ಮೇಲೆ ಮಾಂಸ ತೆಗೆದರೆ ಕಾರ್ನಿಯಾ ಬದಲಾಗುತ್ತದೆ, ಚೆನ್ನಾಗಿ ಹೊಂದಿದ್ದ ಪವರ್ ಹೊಂದದಾಗುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಉಚಿತ ಕ್ಯಾಂಪ್‌ಗಳಲ್ಲಿ ಬಹಳಷ್ಟು ಪೊರೆ ತೆಗೆಯುವುದು ಹೊಲಿಗೆ ಇಲ್ಲದ ಎಸ್‌ಐಸಿಎಸ್ ವಿಧಾನದಲ್ಲಿ. ಸುಮಾರು ಆರು ಮಿಲಿಮೀಟರ್ ಗಾಯ, ಹೆಚ್ಚಾಗಿ ಮೇಲ್ಗಡೆ. ಲೆನ್ಸನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಹೀರಿ ತೆಗೆಯುವ ಫೇಕೋದಲ್ಲಿ ಗಾಯ ಮೂರು ಮಿಲಿಮೀಟರ್‌ಗೂ ಕಡಿಮೆ. ಗಾಯ ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿಗೆ ಕಾರ್ನಿಯಾ ಸ್ವಲ್ಪ ಚಪ್ಪಟೆಯಾಗುತ್ತದೆ. ಮೇಲ್ಗಡೆಯ ಗಾಯ ಉದ್ದಕ್ಕೆ ಚಪ್ಪಟೆ ಮಾಡುತ್ತದೆ, ದುರ್ಮಾಂಸ ಅಡ್ಡಕ್ಕೆ ಚಪ್ಪಟೆ ಮಾಡಿರುತ್ತದೆ. ಎರಡೂ ಒಂದನ್ನೊಂದು ಸ್ವಲ್ಪ ಸರಿದೂಗಿಸಿ, "ಸಿಲಿಂಡರ್ ಕಡಿಮೆಯಾಯ್ತಲ್ಲ" ಅನ್ನಿಸುತ್ತದೆ. ಆಮೇಲೆ ಮಾಂಸ ತೆಗೆದಾಗ ಒಂದು ಕಡೆಯ ತೂಕ ಎತ್ತಿದಂತಾಗಿ, ಗಾಯದಿಂದ ಬಂದ ಸಿಲಿಂಡರ್ ಉಲ್ಟಾ ದಿಕ್ಕಿನಲ್ಲಿ ಎದ್ದು ಕಾಣುತ್ತದೆ.

ಆದರೂ ಈ ದಾರಿ ಹಿಡಿಯಲೇಬೇಕಾದ ಸಂದರ್ಭ ಒಂದಿದೆ. ಪೊರೆ ಪೂರ್ತಿ ಬಲಿತು ಊದಿಕೊಂಡು ಕಣ್ಣಿನ ಒತ್ತಡ ಏರಿದ್ದರೆ, ಕಣ್ಣು ಕೆಂಪಾಗಿ ವಿಪರೀತ ನೋಯುತ್ತಿದ್ದರೆ, ಅದು ತುರ್ತು. ಅಲ್ಲಿ ಸಿಲಿಂಡರ್ ಲೆಕ್ಕ ಹಾಕಿ ಕೂರುವ ಹೊತ್ತಲ್ಲ, ಕಣ್ಣು ಉಳಿಯಬೇಕು. "ಪೊರೆ ಮಾಗಲಿ, ಆಮೇಲೆ ನೋಡೋಣ" ಅಂತ ವರ್ಷಗಟ್ಟಲೆ ತಳ್ಳಿದವರಲ್ಲೇ ಇದು ಜಾಸ್ತಿ. ದಯವಿಟ್ಟು ಮಾಗಿಸಬೇಡಿ, ಅದು ಮಾವಿನ ಹಣ್ಣಲ್ಲ.

ಮಾಂಸ ತೆಗೆಯುವುದರಲ್ಲೂ ಬಗೆಗಳಿವೆ

ಸುಮ್ನೆ ಕತ್ತರಿಸಿ ಬಿಳಿಗುಡ್ಡೆಯನ್ನು ಹಾಗೇ ತೆರೆದು ಬಿಡುವುದು ಹಳೆಯ ಪದ್ಧತಿ. ಬೇಗ ಮುಗಿಯುತ್ತದೆ, ಅಗ್ಗ. ಆದರೆ ಮಾಂಸ ಮತ್ತೆ ಬರುವುದು ಬಹಳ, ಬಂದದ್ದು ಮೊದಲಿಗಿಂತ ಮೊಂಡು. ಅಸ್ಟಿಗ್ಮ್ಯಾಟಿಸಂ ಸರಿಯಾಗಲಿ ಅಂತ ತೆಗೆಸಿ, ಮತ್ತೆ ಅದೇ ಎಳೆತ ತಂದುಕೊಂಡರೆ ಮಾಡಿದ್ದೆಲ್ಲ ವ್ಯರ್ಥ ಅಲ್ವಾ? ಆದ್ದರಿಂದ ಮೇಲ್ರೆಪ್ಪೆಯ ಕೆಳಗಿನ ಒಳ್ಳೆಯ ತೆಳು ಪದರವನ್ನು ಒಂದು ಚೂರು ತೆಗೆದು, ಮಾಂಸ ಇದ್ದ ಜಾಗಕ್ಕೆ ತೇಪೆ ಹಾಕುವ ವಿಧಾನವನ್ನೇ ಕೇಳಿ. 1980ರ ದಶಕದಿಂದ ಹೆಚ್ಚು ಬಳಕೆಗೆ ಬಂದ ಈ ವಿಧಾನದಲ್ಲಿ ಮತ್ತೆ ಬರುವುದು ತುಂಬ ಕಡಿಮೆ. ತೇಪೆಯನ್ನು ಹೊಲಿಗೆಯಿಂದ ನಿಲ್ಲಿಸಬಹುದು, ಫೈಬ್ರಿನ್ ಅಂಟಿನಿಂದ ನಿಲ್ಲಿಸಬಹುದು, ಅಲ್ಲೇ ಒಸರುವ ರೋಗಿಯ ರಕ್ತದಿಂದಲೇ ಅಂಟಿಸುವವರೂ ಇದ್ದಾರೆ. ಅಂಟಿನಲ್ಲಿ ಚುಚ್ಚುವಿಕೆ ಕಡಿಮೆ, ಖರ್ಚು ಜಾಸ್ತಿ. ಹೊಲಿಗೆ ಕೆಲವು ದಿನ ಕಿರಿಕಿರಿ ಕೊಡುತ್ತದೆ, ಆದರೆ ತೇಪೆ ಗಟ್ಟಿ. ಮೈಟೊಮೈಸಿನ್ ಎಂಬ ಔಷಧಿ ಹಚ್ಚಿಯೂ ಮತ್ತೆ ಬರದಂತೆ ತಡೆಯುತ್ತಾರೆ. ಅದು ಅಳತೆ ಮೀರಿದರೆ ಬಿಳಿಗುಡ್ಡೆ ತೆಳ್ಳಗಾಗುವ ಅಪಾಯವಿದೆ. ಹಾಗಾಗಿ ಅದು ಸಲೀಸಾಗಿ ಬಳಸುವ ಔಷಧಿಯಲ್ಲ.

ಗ್ಲಾಕೋಮಾ (ಕಣ್ಣಿನ ಒತ್ತಡದಿಂದ ನರ ಹಾಳಾಗುವ ರೋಗ) ಇರುವವರು ಅದನ್ನು ಮೊದಲೇ ಹೇಳಿ. ಮುಂದೆ ಒತ್ತಡ ಇಳಿಸುವ ಆಪರೇಷನ್ ಬೇಕಾದರೆ ಮೇಲ್ಗಡೆಯ ಪದರ ಹಾಳಾಗದೇ ಇರಬೇಕು. ಆಗ ತೇಪೆಯನ್ನು ಕೆಳಗಿನಿಂದ ತೆಗೆಯುತ್ತಾರೆ. ಆಪರೇಷನ್ ನಂತರ ವಾರಗಟ್ಟಲೆ ಹಾಕುವ ಸ್ಟೀರಾಯ್ಡ್ ಹನಿಯೂ ಒತ್ತಡ ಏರಿಸಬಹುದು, ತಪಾಸಣೆಗೆ ತಪ್ಪದೆ ಹೋಗಿ. ಮಾಂಸ ಮತ್ತೆ ಬರುವುದಿದ್ದರೆ ಬಹುಪಾಲು ಮೊದಲ ವರ್ಷದೊಳಗೇ ತಲೆ ಎತ್ತುತ್ತದೆ. ಆ ವರ್ಷ ಕಪ್ಪು ಕನ್ನಡಕ, ಅಗಲ ಅಂಚಿನ ಟೋಪಿ ಇಲ್ಲದೆ ಹೊಲಕ್ಕೆ ಹೋಗಬೇಡಿ.

ಮಾಂಸ ಪಾಪೆಯ ಮೇಲೇ ಹತ್ತಿದ್ದರೆ ತೆಗೆದ ಮೇಲೂ ಅಲ್ಲಿ ಮಬ್ಬು ಕಲೆ ಉಳಿಯುತ್ತದೆ. ಆ ಕಲೆಯಿಂದಾಗುವ ಸೊಟ್ಟ ಸಿಲಿಂಡರ್ ಕನ್ನಡಕಕ್ಕೆ ಬಗ್ಗುವುದಿಲ್ಲ. ಪಾಪೆ ಮುಟ್ಟುವವರೆಗೆ ಕಾಯಬೇಡಿ ಅನ್ನುವುದು ಇದಕ್ಕೇ.

ಟಾರಿಕ್ ಲೆನ್ಸ್ ಹಾಕಿಸಿದರೆ ಸಾಲದೇ?

ಸಿಲಿಂಡರನ್ನೂ ಸರಿಪಡಿಸುವ ದುಬಾರಿ ಲೆನ್ಸ್ ಟಾರಿಕ್. ದುರ್ಮಾಂಸ ಇರುವಾಗ ತೆಗೆದ ಅಳತೆಗೆ ಇದನ್ನು ಹಾಕಿಸಬೇಡಿ. ಇದು ಸರಿಯಾದ ಆಕ್ಸಿಸ್‌ಗೆ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಹತ್ತು ಡಿಗ್ರಿ ಸರಿದರೆ ಮೂರರಲ್ಲಿ ಒಂದು ಪಾಲು ಪ್ರಯೋಜನ ಹೋಯಿತು. ಮೂವತ್ತು ಡಿಗ್ರಿ ಸರಿದರೆ ಹಾಕಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮಾಂಸ ಬೆಳೆದರೂ ತೆಗೆದರೂ ಸಿಲಿಂಡರ್ ಮತ್ತು ಆಕ್ಸಿಸ್ ಎರಡೂ ಬದಲಾಗುತ್ತವೆ, ಲೆನ್ಸ್ ಮಾತ್ರ ಇದ್ದಲ್ಲೇ ಇರುತ್ತದೆ. ಮಾಂಸ ತೆಗೆಸಿ, ಕಾರ್ನಿಯಾ ನಿಂತ ಮೇಲೂ ಒಂದೂವರೆ ಎರಡು ಸಿಲಿಂಡರ್ ಉಳಿದು, ಉಂಗುರಗಳು ನೀಟಾಗಿದ್ದರೆ ಆಗ ಟಾರಿಕ್ ಯೋಚಿಸಿ. ದೂರ, ಹತ್ತಿರ ಎರಡನ್ನೂ ತೋರಿಸುವ ಮಲ್ಟಿಫೋಕಲ್ ಲೆನ್ಸ್ ಅಂತೂ ಕಲೆ ಇರುವ, ಸೊಟ್ಟಗಿರುವ ಕಾರ್ನಿಯಾಕ್ಕೆ ಬೇಡವೇ ಬೇಡ. ಒಂದೇ ದೂರಕ್ಕೆ ಹೊಂದುವ ಸಾದಾ ಮೊನೊಫೋಕಲ್ ಲೆನ್ಸ್, ಮೇಲೊಂದು ಕನ್ನಡಕ, ಎಷ್ಟೋ ಜನರಿಗೆ ಇದೇ ಚೆನ್ನಾಗಿ ಹೊಂದುತ್ತದೆ.

ಕಣ್ಣಿನ ಮೇಲಿನ ಬೆಳವಣಿಗೆ ಎಲ್ಲವೂ ದುರ್ಮಾಂಸವಲ್ಲ ಅನ್ನುವುದೂ ಗೊತ್ತಿರಲಿ. ಕಾರ್ನಿಯಾದ ಮೇಲೆ ಬೂದು ಬಿಳುಪಿನ ಗಂಟುಗಳು ಬರುತ್ತವೆ, ಸಾಲ್ಜ್‌ಮನ್ ಗಂಟು ಅಂತಾರೆ. ಅವೂ ಅಳತೆ ಕೆಡಿಸುತ್ತವೆ, ಅಲ್ಲೂ ಇದೇ ನಿಯಮ: ಕೆರೆದು ತೆಗೆಸಿ, ಕಾದು, ಮತ್ತೆ ಅಳೆಸಿ. ಬೇಗ ಬೇಗ ಬೆಳೆಯುವ, ಲೋಳೆ ತುಂಬಿದಂತೆ ಅಥವಾ ಬಿಳಿ ಪುಡಿ ಕೂತಂತೆ ಕಾಣುವ ಗಡ್ಡೆಯಾದರೆ ಕ್ಯಾನ್ಸರ್‌ನ ಮೊದಲ ಹಂತವೂ ಆಗಿರಬಹುದು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ಪೊರೆಯ ಮಾತು ಆಮೇಲೆ. ಇನ್ನು ಜೇನುತುಪ್ಪ, ಈರುಳ್ಳಿ ರಸ, ಅಂಗಡಿಯಲ್ಲಿ ಸಿಗುವ ಕೆಂಪು ಇಳಿಸುವ ಹನಿ, ಯಾವುದರಿಂದಲೂ ಮಾಂಸ ಕರಗುವುದಿಲ್ಲ. ಕಣ್ಣಿಗೆ ಹುಣ್ಣಾದರೆ ಪೊರೆಯ ಆಪರೇಷನ್ನೂ ಮುಂದಕ್ಕೆ ಹೋಗುತ್ತದೆ.

ಕ್ಯಾಂಪಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಜನ ಜಾಸ್ತಿ, ಸಮಯ ಕಡಿಮೆ. ಪೊರೆಗೆ ಹೆಸರು ಬರೆಸುವಾಗಲೇ "ಇದೇ ಕಣ್ಣಲ್ಲಿ ಮಾಂಸವೂ ಇದೆ, ಮೊದಲು ಅದನ್ನು ತೆಗೆದು ಆಮೇಲೆ ಅಳತೆ ತೆಗೀತೀರಾ?" ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು ಕಣ್ಣಲ್ಲೂ ಪೊರೆ ಇದ್ದು ಅಲ್ಲಿ ಮಾಂಸ ಇಲ್ಲದಿದ್ದರೆ, ಮೊದಲು ಆ ಕಣ್ಣಿನ ಪೊರೆ ತೆಗೆಸಿ. ಅದರಲ್ಲಿ ಕಾಣುತ್ತಿದ್ದರೆ ಈ ಕಣ್ಣಿಗೆ ಕಾಯುವುದು ಭಾರವಾಗುವುದಿಲ್ಲ.

ಅವ್ವನಿಗೂ ಹಾಗೇ ಮಾಡಿದೆವು. ಎಡಗಣ್ಣಿನ ಪೊರೆ ಮೊದಲು, ಅದೇ ತಿಂಗಳು ಬಲಗಣ್ಣಿನ ಮಾಂಸ, ಭತ್ತದ ಕೊಯ್ಲು ಮುಗಿದ ಮೇಲೆ ಬಲಗಣ್ಣಿನ ಪೊರೆ. ಪಟ್ಟಿ ಬಿಚ್ಚಿದ ಮರುವಾರ ಚಾರ್ಟಿನಲ್ಲಿ ಕೊನೆಯಿಂದ ಎರಡನೇ ಸಾಲಿನವರೆಗೆ ಓದಿದರು. ಮುಕ್ಕಾಲು ಸಿಲಿಂಡರ್ ಉಳಿದಿತ್ತು. ಕನ್ನಡಕ ಬರೆದುಕೊಡಲೇ ಅಂತ ಕೇಳಿದೆ. "ಬ್ಯಾಡ ಬಿಡವ್ವ, ಅಕ್ಕಿಯಾಗಿನ ಕಲ್ಲು ಆರಸಾಕ ಒಂದು ಕೊಡು, ಸಾಕು," ಅಂದರು. ಹತ್ತಿರಕ್ಕೆ ಎರಡೂವರೆ ಪ್ಲಸ್ ಬರೆದುಕೊಟ್ಟೆ.